ಬಿಗಿದು ಸಡಿಲಿಸುವ ಕಾಲ

ಕಾರಿನ ಚಕ್ರದ ಬೇರಿಂಗನ್ನು ಮನೆಯಲ್ಲೇ ಬದಲಿಸಲು ಹೊರಟವರಿಗೆ ಎರಡು ಸಲಹೆಗಳು ಸಿಗುತ್ತವೆ. ನಡುವಿನ ನಟ್ಟನ್ನು ಬಿಗಿದು, ಆಮೇಲೆ ಕೊಂಚ ಸಡಿಲಿಸಿ ಎನ್ನುವುದು ಒಂದು. ಸಡಿಲಿಸಲೇಬೇಡಿ, ಕಂಪನಿ ಹೇಳಿದಷ್ಟೂ ಬಿಗಿಯಿರಿ ಎನ್ನುವುದು ಇನ್ನೊಂದು. ಎರಡೂ ಸರಿಯೇ. ಆದರೆ ಅವು ಬೇರೆ ಬೇರೆ ಕಾಲದ ಬೇರಿಂಗುಗಳಿಗೆ ಸೇರಿದವು.

ಹಳೆಯ ಎತ್ತಿನ ಗಾಡಿಗೆ ಬೇರಿಂಗ್ ಇರಲಿಲ್ಲ. ಗಾಲಿ ಅಚ್ಚಿನ ಮೇಲೆ ನೇರವಾಗಿ ಉಜ್ಜಿಕೊಂಡೇ ತಿರುಗುತ್ತಿತ್ತು. ಗಾಲಿ ಕಳಚಿ ಬೀಳದಂತೆ ಕಡಾಣಿ ಹಿಡಿಯುತ್ತಿತ್ತು, ಸವೆತವನ್ನು ಕೀಲೆಣ್ಣೆ ತಗ್ಗಿಸುತ್ತಿತ್ತು. ಉಜ್ಜುವುದಕ್ಕಿಂತ ಉರುಳುವುದು ಹಗುರ ಎಂಬ ತಿಳಿವಳಿಕೆ ಹಳೆಯದೇ. ಅದನ್ನು ಗಾಡಿಯ ಅಚ್ಚಿಗೆ ತಂದು, ಗುಂಡುಗಳ ಬೇರಿಂಗಿಗೆ 1794ರಲ್ಲಿ ಪೇಟೆಂಟ್ ಪಡೆದವನು ವೇಲ್ಸ್‌ನ ಕಾರ್ಮಾರ್ಥನ್ನಿನ ಫಿಲಿಪ್ ವಾನ್. ತೊಡಕಿದ್ದದ್ದು ಗುಂಡುಗಳಲ್ಲಿ. ಒಂದು ಗುಂಡು ಕೂದಲೆಳೆಯಷ್ಟು ದಪ್ಪವಾದರೂ ಭಾರವೆಲ್ಲ ಅದರ ಮೇಲೆಯೇ ಬೀಳುತ್ತದೆ. 1883ರಲ್ಲಿ ಜರ್ಮನಿಯ ಶ್ವೈನ್‌ಫರ್ಟ್‌ನಲ್ಲಿ ಫ್ರೀಡ್ರಿಷ್ ಫಿಷರ್, ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಉಜ್ಜಿ ತೆಗೆಯುವ ಯಂತ್ರ ಕಟ್ಟಿದ. ಆ ಊರು ಮುಂದೆ ಎಷ್ಟು ಮುಖ್ಯವಾಯಿತೆಂದರೆ, 1943ರ ಅಕ್ಟೋಬರ್ 14ರಂದು ಅಲ್ಲಿನ ಬೇರಿಂಗ್ ಕಾರ್ಖಾನೆಗಳ ಮೇಲೆ ದಾಳಿಗೆ ಹೋದ ಅಮೆರಿಕ 60 ಬಾಂಬರ್ ವಿಮಾನಗಳನ್ನು ಕಳೆದುಕೊಂಡಿತು.

ಚಕ್ರಕ್ಕೆ ಇನ್ನೊಂದು ಕಷ್ಟವಿದೆ. ಗಾಡಿ ತಿರುಗುವಾಗ ಭಾರ ಮೇಲಿನಿಂದ ಮಾತ್ರವಲ್ಲ, ಪಕ್ಕದಿಂದಲೂ ಒತ್ತುತ್ತದೆ. ಕುದುರೆಗಾಡಿ ತಯಾರಿಸುತ್ತಿದ್ದ ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ ಬೇರಿಂಗಿನಲ್ಲಿ ಗುಂಡುಗಳ ಬದಲು ಒಂದು ತುದಿ ಸಣ್ಣಗಾದ ಉರುಳೆಗಳಿದ್ದವು. ಅವು ಎರಡೂ ಒತ್ತಡವನ್ನು ತಡೆಯುತ್ತಿದ್ದವು. ಆದರೆ ಉರುಳೆಗಳಿಗೆ ಎಷ್ಟು ಸಂದು ಬಿಡಬೇಕೆಂದು ನಿರ್ಧರಿಸುವುದು ನಟ್ಟು. ಅತಿ ಬಿಗಿಯಾದರೆ ಬೇರಿಂಗ್ ಕಾಯುತ್ತದೆ, ಅತಿ ಸಡಿಲವಾದರೆ ಚಕ್ರ ಅಲ್ಲಾಡುತ್ತದೆ. ಆದ್ದರಿಂದಲೇ ಚಕ್ರ ತಿರುಗಿಸುತ್ತ ಬಿಗಿದು, ಕೊಂಚ ಸಡಿಲಿಸಿ, ಪಿನ್ ಹಾಕುವ ಪದ್ಧತಿ ಬಂತು. ಹಿಂಬದಿ ಚಕ್ರಗಳಿಂದ ಓಡುವ ಅನೇಕ ಕಾರುಗಳ ಮುಂದಿನ ಚಕ್ರಗಳಿಗೆ ದಶಕಗಳ ಕಾಲ ಇದೇ ಕ್ರಮ. ಆಗಾಗ ಬಿಚ್ಚಿ ಗ್ರೀಸ್ ತುಂಬುವುದು ಮಾಲೀಕನೂ ಮಾಡಬಹುದಾದ ಕೆಲಸವಾಗಿತ್ತು.

1959ರಲ್ಲಿ ಬ್ರಿಟನ್ನಿನ ಮಿನಿ, 1983ರ ಕೊನೆಯಲ್ಲಿ ಭಾರತದ ಮಾರುತಿ 800: ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೇ ಹೋಗುವ ಇಂಥ ಕಾರುಗಳು ಮನೆಮಾತಾದವು. ಚಕ್ರ ತಿರುಗಿಸುವ ಶಾಫ್ಟ್ ಈಗ ಬೇರಿಂಗಿನ ನಡುವೆಯೇ ಹಾಯಬೇಕು. ಕ್ರಮೇಣ ಎರಡು ಸಾಲು ಗುಂಡುಗಳ, ಗ್ರೀಸ್ ತುಂಬಿ ಮುಚ್ಚಿದ ಬೇರಿಂಗುಗಳು ಬಂದವು. ಅವುಗಳ ಸಂದು ಕಾರ್ಖಾನೆಯಲ್ಲೇ ನಿಶ್ಚಯವಾಗಿರುತ್ತದೆ. ನಟ್ಟಿನ ಕೆಲಸ ಒಳಬಳೆಗಳನ್ನು ಒತ್ತಿ ಹಿಡಿಯುವುದು. ಇಲ್ಲಿ ಹಳೆಯ ರೂಢಿಯಂತೆ ಸಡಿಲಿಸಿದರೆ ಒಳಬಳೆಗಳು ಬೇರ್ಪಟ್ಟು, ಬೇರಿಂಗ್ ಬೇಗ ಹಾಳಾಗುತ್ತದೆ. ಚಕ್ರವೇ ಅಲುಗಾಡುವ ಅಪಾಯವೂ ಇದೆ.

ಕೂರಿಸುವ ಕೆಲಸವೂ ಬದಲಾಯಿತು. ಹೊರಬಳೆಯನ್ನು ಅದರ ಗೂಡಿಗೆ ಒತ್ತುವಾಗ ಬಲ ಹೊರಬಳೆಯ ಮೇಲೆ ಮಾತ್ರ ಬೀಳಬೇಕು. ಒಳಬಳೆಗೆ ಸುತ್ತಿಗೆ ಬಿದ್ದರೆ ಪೆಟ್ಟು ಗುಂಡುಗಳ ಮೂಲಕ ಹಾದು, ಅವು ಉರುಳುವ ದಾರಿಯಲ್ಲಿ ಗುಳಿ ಬೀಳುತ್ತದೆ. ಹೊಸ ಬೇರಿಂಗೂ ಸ್ವಲ್ಪ ದಿನದಲ್ಲೇ ಗುಂಯ್‌ಗುಡತೊಡಗುತ್ತದೆ. ಈ ಗುಳಿಗಳಿಗೆ ಎಂಜಿನಿಯರುಗಳು ಇಟ್ಟಿರುವುದು ಸ್ವೀಡನ್ನಿನ ಯೊಹಾನ್ ಆಗಸ್ಟ್ ಬ್ರಿನೆಲ್‌ನ ಹೆಸರು. 1900ರಲ್ಲಿ ಆತ, ಗಟ್ಟಿ ಗುಂಡನ್ನು ಲೋಹದ ಮೇಲೆ ಒತ್ತಿ, ಬಿದ್ದ ಗುಳಿಯಿಂದ ಗಡಸುತನ ಅಳೆಯುವ ಪರೀಕ್ಷೆಯನ್ನು ಮುಂದಿಟ್ಟ. ಮನೆಯಲ್ಲಿ ಸುತ್ತಿಗೆ ಹಿಡಿದವನು ತನಗರಿವಿಲ್ಲದೆ ಅದೇ ಪರೀಕ್ಷೆ ಮಾಡುತ್ತಾನೆ.

ಈಗಿನ ಅನೇಕ ಕಾರುಗಳಲ್ಲಿ ಬೇರಿಂಗೂ ಹಬ್ಬೂ ಒಂದೇ ಘಟಕ. ಕೆಲವು ಬೋಲ್ಟ್ ಬಿಚ್ಚಿದರೆ ಹೊರಬರುತ್ತದೆ, ಒತ್ತುವ ಯಂತ್ರ ಬೇಡ. ಕೆಲಸ ಮತ್ತೆ ಮನೆಯಂಗಳಕ್ಕೆ ಬಂದಿದೆ, ಆದರೆ ಗುಂಡುಗಳು ಸವೆದರೆ ಇಡೀ ಘಟಕಕ್ಕೇ ಹಣ ತೆರಬೇಕು. ಹಾಗಾಗಿ ಪಾನಾ ಹಿಡಿಯುವ ಮೊದಲು ತಿಳಿಯಬೇಕಾದದ್ದು ತನ್ನ ಕಾರಿನಲ್ಲಿರುವುದು ಯಾವ ಬಗೆಯ ಬೇರಿಂಗ್ ಎಂಬುದು. ನಟ್ಟನ್ನು ಎಷ್ಟು ಬಿಗಿಯಬೇಕು, ಹಳೆಯದನ್ನೇ ಮತ್ತೆ ಹಾಕಬಹುದೇ ಎಂಬುದನ್ನು ಆ ಮಾದರಿಯ ಕೈಪಿಡಿ ಹೇಳುತ್ತದೆ. ಅನುಭವಿಗಳ ಸಲಹೆಯನ್ನು ಅದರೊಂದಿಗೆ ತಾಳೆ ನೋಡುವುದು ಕ್ಷೇಮ.