ಬಾದಾಮಿ ಕೋಟೆಯ ಕಾಳಗ ಧರ್ಮಯುದ್ಧವಾಗಿತ್ತೇ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ನಾವು ಟಿಪ್ಪು ಸುಲ್ತಾನನ ಹೆಸರು ಕೇಳಿದರೆ ದೂರದ ಶ್ರೀರಂಗಪಟ್ಟಣವನ್ನು ನೆನೆಯುತ್ತೇವೆ. ಅವನ ರಾಜ್ಯದ ಗಡಿ ನಮ್ಮ ನೆರೆಯ ಬಾದಾಮಿಯವರೆಗೂ ಬಂದಿತ್ತೆಂಬುದನ್ನು ಮರೆತಿದ್ದೇವೆ. ಆ ಗಡಿಗಾಗಿ 1785ರಿಂದ 1787ರವರೆಗೆ ಮೈಸೂರಿಗೂ ಮರಾಠರಿಗೂ ಯುದ್ಧ ನಡೆಯಿತು. ಅದನ್ನು ಹಿಂದೂ-ಮುಸ್ಲಿಂ ಕಾಳಗವೆಂದು ಬಣ್ಣಿಸುವವರಿದ್ದಾರೆ. ಯಾರು ಯಾರ ಪಕ್ಷದಲ್ಲಿದ್ದರೆಂದು ನೋಡಿದರೆ ಈ ಮಾತು ನಿಲ್ಲುವುದಿಲ್ಲ.

ಜಗಳ ಹುಟ್ಟಿದ್ದು ಕಪ್ಪದಿಂದ. ನರಗುಂದದ ವೆಂಕಟರಾವ್ ಭಾವೆ ಮೈಸೂರಿಗೆ ಕಪ್ಪ ಕೊಡುತ್ತಿದ್ದ. ಟಿಪ್ಪು ಅದನ್ನು ಹೆಚ್ಚಿಸಿದಾಗ ಆತ ಪುಣೆಯ ನೆರವು ಬೇಡಿದ. ಪರಶುರಾಮಭಾವು ಪಟವರ್ಧನ ಸೈನ್ಯದೊಡನೆ ಬಂದರೂ ನರಗುಂದ ಉಳಿಯಲಿಲ್ಲ. 1785ರಲ್ಲಿ ಮೈಸೂರಿನ ಕೈಸೇರಿತು. ಅಭಯ ನಂಬಿ ಶರಣಾದ ಭಾವೆಯನ್ನೂ ದಿವಾನ ಕಾಳೋಪಂತನನ್ನೂ ಸೆರೆಗೆ ತಳ್ಳಲಾಯಿತು. ಟಿಪ್ಪುವನ್ನು ಮೆಚ್ಚುವವರು ಇದನ್ನು ಮುಚ್ಚಿಡಬೇಕಾಗಿಲ್ಲ. ಕೊಟ್ಟ ಮಾತು ಮುರಿಯುವುದು ಯಾರು ಮಾಡಿದರೂ ತಪ್ಪೇ.

ಮರುವರ್ಷ ಪೇಶ್ವೆಯ ಜೊತೆ ಹೈದರಾಬಾದಿನ ನಿಜಾಮನೂ ಟಿಪ್ಪುವಿನ ವಿರುದ್ಧ ನಿಂತ. 1786ರ ಮೇ ತಿಂಗಳಲ್ಲಿ ಇಬ್ಬರ ಸೈನ್ಯವೂ ಸೇರಿ ಬಾದಾಮಿಯನ್ನು ಗೆದ್ದವು. ಟಿಪ್ಪು ನಿಜಾಮನ ಆದವಾನಿಯನ್ನು ಹಿಡಿದ. ಸವಣೂರಿನ ನವಾಬ ಅಬ್ದುಲ್ ಹಕೀಂ ಖಾನ್ ಹೈದರಾಲಿಯ ಮನೆತನದ ಬೀಗ. ಆದರೂ ಮರಾಠರ ಕಡೆ ಸೇರಿ ತನ್ನ ಊರನ್ನು ಕಳೆದುಕೊಂಡ. ಇದರಲ್ಲಿ ಧರ್ಮದ ಗೆರೆಯನ್ನು ಎಲ್ಲಿ ಎಳೆಯುವುದು?

1787ರ ಗಜೇಂದ್ರಗಡದ ಒಪ್ಪಂದದಿಂದ ಯುದ್ಧ ಮುಗಿಯಿತು. ಟಿಪ್ಪು ಬಾಕಿ ಕಪ್ಪವೆಂದು 48 ಲಕ್ಷ ರೂಪಾಯಿ ಕೊಡಲು ಒಪ್ಪಿದ. ಬಾದಾಮಿ, ನರಗುಂದ, ಕಿತ್ತೂರು ಮರಾಠರಿಗೆ ಸಂದವು. ಆದವಾನಿ ನಿಜಾಮನಿಗೆ ಮರಳಿತು.

ಆದರೆ ನೆರೆಹೊರೆಯವರ ಮನಸ್ಸು ಕೂಡಲಿಲ್ಲ. 1790ರಲ್ಲಿ ಮರಾಠರೂ ನಿಜಾಮನೂ ಇಂಗ್ಲಿಷರ ಕೈ ಹಿಡಿದರು. ಆ ಯುದ್ಧದಲ್ಲೇ, 1791ರಲ್ಲಿ, ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿತು. ಮಠಕ್ಕೆ ನೆರವು ಕಳಿಸಿದವನು ಟಿಪ್ಪು. 1792ರಲ್ಲಿ ಅವನು ಅರ್ಧ ರಾಜ್ಯವನ್ನೂ 1799ರಲ್ಲಿ ಪ್ರಾಣವನ್ನೂ ಕಳೆದುಕೊಂಡ.

ಗೆದ್ದವರಾದರೂ ಉಳಿದರೇ? 1818ರಲ್ಲಿ ಥಾಮಸ್ ಮನ್ರೋ ಬಾದಾಮಿಯನ್ನು ಮರಾಠರಿಂದ ಕಸಿದುಕೊಂಡ. ಪೇಶ್ವೆಯ ಆಡಳಿತ ಮುಗಿಯಿತು. ಜಮಖಂಡಿಯ ಪಟವರ್ಧನರೂ ಮುಧೋಳದ ಘೋರ್ಪಡೆಯವರೂ ಇಂಗ್ಲಿಷರ ಅಧೀನ ಸಂಸ್ಥಾನಿಕರಾದರು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ಗಲ್ಲಿಗೇರಿದರು. ಮರುವರ್ಷ ಬೆಳಗಾವಿಯಲ್ಲಿ ನರಗುಂದದ ಭಾಸ್ಕರರಾವ್ ಭಾವೆಯೂ ಗಲ್ಲಿಗೇರಿದ. ಕಪ್ಪದ ಜಗಳ ಆರಂಭವಾದದ್ದು ಇದೇ ಮನೆತನದಲ್ಲಿ.

ಬಾದಾಮಿಗೆ ಮಕ್ಕಳನ್ನು ಕರೆದೊಯ್ದಾಗ ಗುಹೆಗಳ ಜೊತೆಗೆ ಗುಡ್ಡದ ಮೇಲಿನ ಕೋಟೆಯನ್ನೂ ತೋರಿಸೋಣ. ಅದಕ್ಕಾಗಿ ಕಾದಾಡಿದವರೆಲ್ಲರ ಹೆಸರನ್ನೂ ಹೇಳೋಣ. ಅರ್ಧ ಹೆಸರು ಹೇಳಿ ಅರ್ಧ ನುಂಗಿದರೆ ನೆರೆಹೊರೆಯವರ ನಡುವೆ ಮತ್ತೊಂದು ಗಡಿ ಎದ್ದುಬಿಡುತ್ತದೆ.