ನಕ್ಷೆ ಉಳಿಸಿದ ತಲೆಬುರುಡೆ

ಲಾಲ್‌ಬಾಗ್ ಬಂಡೆ ಹತ್ತಿಸಿದ ಹುಡುಗರ ಪ್ರತಿ ತಂಡದಲ್ಲೂ ಒಬ್ಬನಾದರೂ ಕೇಳಿಯೇ ಕೇಳುತ್ತಿದ್ದ: 'ಸಾರ್, ಇಲ್ಲಿ ಅಗೆದ್ರೆ ಡೈನೋಸಾರ್ ಸಿಗುತ್ತಾ?' ಸಿಗೋಲ್ಲಪ್ಪಾ ಎನ್ನುತ್ತಿದ್ದೆ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ತಲೆಯೆತ್ತಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಜಯನಗರ, ಬನಶಂಕರಿಯ ಮನೆಗಳ ಪಾಯದಡಿ ಇರುವುದೂ ಇಂಥದೇ ಹಳೆಯ ಕಲ್ಲು. ಮೂಳೆ ಬೇಕಾದವರು ನರ್ಮದೆಯ ಕಡೆ ಹೋಗಬೇಕು.

ಜಬಲ್ಪುರದ ಬಡಾ ಸಿಮ್ಲಾ ಗುಡ್ಡದಲ್ಲಿ ಸಿಕ್ಕ ತಲೆಬುರುಡೆಯ ಚೂರುಗಳಿಂದಲೇ ಪಳೆಯುಳಿಕೆ ತಜ್ಞರಾದ ಹ್ಯೂನ ಮತ್ತು ಮ್ಯಾಟ್ಲಿ 1933ರಲ್ಲಿ ಇಂಡೋಸಾರಸ್, ಇಂಡೋಸುಕಸ್ ಎಂಬ ಎರಡು ಮಾಂಸಾಹಾರಿಗಳಿಗೆ ಹೆಸರಿಟ್ಟರು. ಅಲ್ಲಿ ಮೂಳೆಗಳೆಲ್ಲ ಕಲಸಿಹೋಗಿದ್ದವು. ಯಾವ ಕಾಲು ಯಾವ ತಲೆಯದು ಎಂಬ ತಕರಾರು ಇಂದಿಗೂ ಬಗೆಹರಿದಿಲ್ಲ.

ಗುಜರಾತಿನ ರಹಿಯೋಲಿಯಲ್ಲಿ ಹಾಗಾಗಲಿಲ್ಲ. ಅಲ್ಲಿ 1982-84ರಲ್ಲಿ ಮೂಳೆ ಎತ್ತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಸುರೇಶ್ ಶ್ರೀವಾಸ್ತವ. ನಮ್ಮ ಕುಮಾರಸ್ವಾಮಿ ಬಡಾವಣೆಯ ವಸುಧಾ ಭವನದಲ್ಲಿ ಕಚೇರಿ ಇದೆಯಲ್ಲ, ಅದೇ ಇಲಾಖೆ. ಯಾವ ಮೂಳೆ ಎಲ್ಲಿ ಬಿದ್ದಿತ್ತೆಂದು ಅವರು ನಕ್ಷೆ ಬರೆದಿಟ್ಟರು. 2001ರಲ್ಲಿ ಪಳೆಯುಳಿಕೆ ತಜ್ಞರಾದ ಜೆಫ್ರಿ ವಿಲ್ಸನ್, ಪಾಲ್ ಸೆರೆನೊ ಮುಂತಾದವರು ಆ ನಕ್ಷೆಯನ್ನೇ ಹಿಡಿದು ಒಂದೇ ಪ್ರಾಣಿಯ ಮಿದುಳುಗೂಡು, ಬೆನ್ನೆಲುಬಿನ ಮಣಿಗಳು, ಸೊಂಟ, ಹಿಂಗಾಲು, ಬಾಲದ ತುಂಡುಗಳನ್ನು ಬೇರ್ಪಡಿಸಿದರು. 2003ರಲ್ಲಿ ಅದಕ್ಕೆ ರಾಜಾಸಾರಸ್ ನರ್ಮದೆನ್ಸಿಸ್ ಎಂದು ಹೆಸರಾಯಿತು.

ತಲೆಯಲ್ಲಿ ಉಳಿದದ್ದು ಹಿಂಭಾಗ ಮಾತ್ರ. ಆದರೆ ಆ ತುಂಡೇ ಬಹಳ ಹೇಳುತ್ತದೆ. ಹಣೆಯ ಮೇಲೆ ಗಿಡ್ಡನೆಯ, ಮೊಂಡು ಕೊಂಬು. ಇದರ ಸಂಬಂಧಿ, ಮಡಗಾಸ್ಕರಿನ ಮಜುಂಗಾಸಾರಸ್‌ನ ಕೊಂಬಿಗೆ ಹಣೆಮೂಳೆಯೊಂದೇ ಆಧಾರ. ರಾಜಾಸಾರಸ್‌ನದ್ದು ಮೂಗಿನ ಮೂಳೆ, ಹಣೆಮೂಳೆ ಎರಡೂ ಸೇರಿ ಎದ್ದದ್ದು. ನೆತ್ತಿಯ ಹಿಂದೆ ಉದ್ದನೆಯ ಎರಡು ಕಿಂಡಿಗಳು. ದವಡೆ ಎಳೆಯುವ ಸ್ನಾಯುಗಳಿಗೆ ಅಲ್ಲೇ ನೆಲೆ. ಆ ತುಂಡಿನಲ್ಲಿ ಮೂತಿಯ ತುದಿ, ಹಲ್ಲು ಇಲ್ಲ. ಚಿತ್ರಗಳಲ್ಲಿ ಕಾಣುವ ಮುಖದ ಬಹುಪಾಲು ಮಜುಂಗಾಸಾರಸ್‌ನಿಂದ ತಂದ ಸಾಲ.

ಉದ್ದದ ಲೆಕ್ಕವೂ ಹಾಗೆಯೇ. ಸಂಶೋಧಕ ಗ್ರೆಗರಿ ಪಾಲ್ 2010ರಲ್ಲಿ 11 ಮೀಟರ್, 4 ಟನ್ ಎಂದರು. ಆಮೇಲೆ ಗ್ರಿಲ್ಲೊ ಮತ್ತು ಡೆಲ್ಕೋರ್ಟ್ ಎಂಬ ಸಂಶೋಧಕರು ಹತ್ತಿರದ ಸಂಬಂಧಿಗಳ ಮೂಳೆಗಳನ್ನು ಅಳೆದು, ಅವುಗಳ ಅನುಪಾತದಿಂದ 6.6 ಮೀಟರಿಗೆ ಇಳಿಸಿದರು. ಎರಡನೆಯದನ್ನೇ ನಾನು ನಂಬುವುದು. ಅದರಲ್ಲಿ ಲೆಕ್ಕದ ದಾರಿ ಕಾಣುತ್ತದೆ, ಯಾರು ಬೇಕಾದರೂ ಮತ್ತೆ ಅಳೆದು ಪರೀಕ್ಷಿಸಬಹುದು.

ಇನ್ನೊಂದು ಬುರುಡೆ ಸಿಕ್ಕರೆ 6.6 ಕೂಡ ಬದಲಾದೀತು. ಶ್ರೀವಾಸ್ತವರ ನಕ್ಷೆಗೆ ಆ ಭಯವಿಲ್ಲ. ಅದಕ್ಕೇ ಹುಡುಗರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಸುತ್ತಿಗೆ ಬೀಸುವುದನ್ನಲ್ಲ, ಪೆನ್ಸಿಲ್ ಹಿಡಿದು ಜಾಗ ಗುರುತಿಸುವುದನ್ನು.