ತಲೆಮರೆಸಿಕೊಳ್ಳದವರು

ರಾಬರ್ಟ್ ರೆಡ್‌ಫೋರ್ಡ್ ನಿರ್ದೇಶಿಸಿ ನಟಿಸಿದ ‘ದ ಕಂಪನಿ ಯು ಕೀಪ್’ (2012) ಸಿನಿಮಾದ ನಾಯಕ ಒಬ್ಬ ವಕೀಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ‘ವೆದರ್ ಅಂಡರ್‌ಗ್ರೌಂಡ್’ ಎಂಬ ಯುದ್ಧವಿರೋಧಿ ತೀವ್ರಗಾಮಿ ಗುಂಪಿನಲ್ಲಿದ್ದವನು. ಬ್ಯಾಂಕ್ ದರೋಡೆಯೊಂದರಲ್ಲಿ ಕಾವಲುಗಾರ ಸತ್ತ ಕೇಸಿನಲ್ಲಿ ಹೆಸರು ಸೇರಿಕೊಂಡು, ಸುಳ್ಳು ಹೆಸರಿನಲ್ಲಿ ದಶಕಗಳನ್ನೇ ಕಳೆದಿದ್ದಾನೆ. ಪತ್ರಕರ್ತನೊಬ್ಬ ಗುಟ್ಟು ಹೊರಹಾಕಿದ ಮೇಲೆ ಊರೂರು ಅಲೆಯುತ್ತ ಹಳೆಯ ಸಂಗಾತಿಗಳನ್ನು ಹುಡುಕುತ್ತಾನೆ. ಅದನ್ನು ನೋಡುವಾಗ ನನ್ನ ಮನಸ್ಸೆಲ್ಲ ಕೋಲಾರ ಜಿಲ್ಲೆಯ ಗೌನಿಪಲ್ಲಿ ಸೀಮೆಯಲ್ಲಿ ದಲಿತ ಚಳವಳಿ ಕಟ್ಟಿದ ನಮ್ಮ ಮುದುಕರ ಕಡೆಗೇ ಇತ್ತು.

1973ರಲ್ಲಿ ಆಗ ಸಚಿವರಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ‘ಬೂಸಾ’ ಎಂದ ಮಾತಿಗೆ ರಾಜ್ಯವೇ ಹೊತ್ತಿ ಉರಿದ ಮೇಲೆ, ಭದ್ರಾವತಿಯ ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಕೋಲಾರ ಜಿಲ್ಲೆಗೆ ಅದು ಹಾಡಾಗಿ ಬಂತು. ಕೋಟಿಗಾನಹಳ್ಳಿ ರಾಮಯ್ಯನವರ ಹಾಡುಗಳು ಕೇರಿಯಿಂದ ಕೇರಿಗೆ ನಡೆದವು. ನಮ್ಮ ದೊಡ್ಡಪ್ಪನಿಗೆ ಮನೆಮಾತು ತೆಲುಗು, ಜಾಥಾದ ಮಾತು ಕನ್ನಡ. ಸಾವಿಗೂ ಜಾತ್ರೆಗೂ ಕರೆದಾಗ ಹೋಗಿ ಬಡಿಯಬೇಕಿದ್ದ ತಮಟೆಯನ್ನು ಅವರು ನೀಲಿ ಬಾವುಟದ ಮುಂದೆ ತಾವಾಗಿ ಬಡಿದರು. ಮಾಲೂರು ತಾಲ್ಲೂಕಿನ ಹುಣಸೀಕೋಟೆಯ ದೌರ್ಜನ್ಯದ ವಿರುದ್ಧ ಬೆಂಗಳೂರಿಗೆ ಹೊರಟ ಜಾಥಾದ ವಿಷಯ ಬಂದರೆ ಅವರ ದನಿ ಇವತ್ತಿಗೂ ಏರುತ್ತದೆ.

ದೊಡ್ಡಪ್ಪನಂಥ ಈ ಮುದುಕರಲ್ಲಿ ಯಾರೂ ಸಿನಿಮಾದ ನಾಯಕನಂತೆ ಹೆಸರು ಬದಲಿಸಲಿಲ್ಲ, ಊರು ಬಿಡಲಿಲ್ಲ. ಯಾರ ಎದುರು ಘೋಷಣೆ ಕೂಗಿದ್ದರೋ ಅವರದೇ ಮಾವಿನ ತೋಪಿಗೆ ಮಾರನೆಯ ದಿನ ಕೂಲಿಗೆ ಹೋಗಬೇಕಿತ್ತು. ತಲೆಮರೆಸಿಕೊಳ್ಳುವುದಕ್ಕಿಂತ ಇದು ಕಷ್ಟದ ಧೈರ್ಯ ಎಂದೇ ನಾನು ನಂಬಿದ್ದೇನೆ.

ಸಿನಿಮಾದಲ್ಲಿ ಕಾನೂನು ಒಂದು ಸಾವಿನ ಲೆಕ್ಕ ಕೇಳುತ್ತ ದಶಕಗಳಾದರೂ ಬೆನ್ನು ಬಿಡುವುದಿಲ್ಲ. ನಮ್ಮ ಕಡೆ? ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ ಆಗ ನಮ್ಮ ಜಿಲ್ಲೆಯಲ್ಲೇ ಇತ್ತು. 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ಹೇಳಿಕೆ ಬದಲಿಸಿದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ಕಾನೂನನ್ನು ನಂಬಿ ಅರ್ಜಿ ಬರೆಯುತ್ತಲೇ ಮುದುಕರಾದವರಿಗೆ ಸಿಕ್ಕಿದ್ದು ಇದು.

ಆದರೂ ಅವರು ಅರ್ಜಿ ಬರೆಯುವುದನ್ನು ಬಿಡಲಿಲ್ಲ. ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನು ಸಾಲಕ್ಕೋ ಸಾರಾಯಿಗೋ ಕೈಬಿಟ್ಟು ಹೋಗಿದ್ದರೆ ಅದನ್ನು ಮರಳಿ ಕೊಡಿಸಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ತಡವಾಗಿ ಬಂದಿರಿ ಎಂದು ನ್ಯಾಯಾಲಯಗಳು ಅರ್ಜಿಗಳನ್ನು ತಳ್ಳಿಹಾಕತೊಡಗಿದಾಗ, ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ತಂದರು. ದೊಡ್ಡಪ್ಪನ ಟ್ರಂಕಿನಲ್ಲಿ ಕೇರಿಯವರ ಸಾಗುವಳಿ ಚೀಟಿಗಳ ನಕಲುಗಳಿವೆ. ಯಾವ ಸರ್ವೆ ನಂಬರು ಯಾರ ಅಜ್ಜನದು ಎಂಬುದು ಅವರಿಗೆ ಬಾಯಿಪಾಠ.

ನಮ್ಮ ಹುಡುಗರಿಗೆ ಹೇಳುವುದಿಷ್ಟೇ: ಈ ಹಿರಿಯರು ಇರುವಾಗಲೇ ಅವರ ಪಕ್ಕ ಕೂತು ಬರೆದುಕೊಳ್ಳಿ, ಚೀಟಿ ಹಿಡಿದು ಕೋಲಾರದ ಉಪವಿಭಾಗಾಧಿಕಾರಿಗಳ ಕಚೇರಿಗೆ ಹೋಗಿ ಅರ್ಜಿ ಹಾಕಿ.